ಕಂಪೈಲ್ ಆಗುವಾಗಲೇ ಕಾಪಿ ಆಗಬೇಕೆಂದರೆ

ಟೇಬಲ್ಲನ್ನು ಪ್ರೋಗ್ರಾಂ ಓಡುವ ಮೊದಲೇ ಕಟ್ಟಿಡಬೇಕು, ಆದರೆ ಸಿ++ ಕಂಪೈಲರ್ ಮೆಮ್‌ಕಾಪಿ ಕಂಡ ಕೂಡಲೇ ತಕರಾರು ತೆಗೆಯುತ್ತದೆ ಅಂದೆಯಲ್ಲಪ್ಪ, ಕೇಳು.

• ಓಡುವಾಗ ಮೆಮೊರಿ ಅಂದರೆ ಬರೀ ಬೈಟುಗಳ ಸಾಲು. ಕಂಪೈಲ್ ಹೊತ್ತಿನಲ್ಲಿ ಹಾಗಲ್ಲ. ಆಗ ಕಂಪೈಲರೇ ನಿನ್ನ ಕೋಡನ್ನು ಒಳಗೊಳಗೆ ನಡೆಸಿ ನೋಡುತ್ತಿರುತ್ತದೆ. ಅದರ ಕೈಯಲ್ಲಿರುವುದು ಇದು ಇಂಟ್, ಇದು ಫ್ಲೋಟ್ ಎಂದು ಗುರುತು ಹಚ್ಚಿದ ಮೌಲ್ಯಗಳು. ಪಾಯಿಂಟರಿಗೆ ಅಂಕಿಯ ಅಡ್ರೆಸ್ಸೂ ಇನ್ನೂ ಸಿಕ್ಕಿರುವುದಿಲ್ಲ. ವಾಯ್ಡ್ ಪಾಯಿಂಟರ್ ಹಿಡಿದು ಬರುವ ಮೆಮ್‌ಕಾಪಿ ಆ ಗುರುತನ್ನೇ ಅಳಿಸಿಬಿಡುತ್ತದೆ. ಜಗಳದ ಮೂಲ ಅಲ್ಲಿದೆ.

• ಹಾಗಾಗಿ ಟೈಪಿನ ಕೈ ಬಿಡಬೇಡ. ಸ್ಟ್ಯಾಂಡರ್ಡ್ ಲೈಬ್ರರಿಯ ಕಾಪಿ ಸಿ++20ರಿಂದ ಕಾನ್ಸ್ಟ್‌ಎಕ್ಸ್‌ಪ್ರ್ ಆಗಿದೆ, ಅದನ್ನೇ ಬಳಸು. ವೇಗ ಹೋಗುತ್ತದೆ ಎಂಬ ಭಯ ಬೇಡ; ಸರಳ ಟೈಪುಗಳಿಗೆ ಓಡುವಾಗ ಅದು ಸಾಮಾನ್ಯವಾಗಿ ಮೆಮ್‌ಮೂವ್ ಆಗಿಯೇ ಇಳಿಯುತ್ತದೆ.

• ಫ್ಲೋಟಿನ ಬಿಟ್ಟುಗಳನ್ನು ಪೂರ್ಣಾಂಕವಾಗಿ ನೋಡಬೇಕಾದರೆ ಬಿಟ್_ಕಾಸ್ಟ್. ಒಳಗೆ ಪಾಯಿಂಟರೋ ಯೂನಿಯನ್ನೋ ಇದ್ದರೆ ಕಂಪೈಲ್ ಹೊತ್ತಿನಲ್ಲಿ ಅದೂ ನಡೆಯದು.

• ಎರಡು ದಾರಿ ಬರೆಯಲೇಬೇಕಾದರೆ (ಅಳೆದು ನೋಡದೆ ಬರೆಯಬೇಡ) ಕಂಪೈಲ್ ಹೊತ್ತಿಗೆ ಲೂಪ್, ಓಡುವಾಗ ಮೆಮ್‌ಕಾಪಿ. ಈಸ್_ಕಾನ್ಸ್ಟೆಂಟ್_ಇವ್ಯಾಲ್ಯುಯೇಟೆಡ್ ಅನ್ನು ಸಾದಾ ಇಫ್‌ನಲ್ಲಿ ಕೇಳು. ಇಫ್ ಕಾನ್ಸ್ಟ್‌ಎಕ್ಸ್‌ಪ್ರ್ ಒಳಗೆ ಕೇಳಿದರೆ ಉತ್ತರ ಸದಾ ಹೌದು. ನಿನ್ನ ಮೆಮ್‌ಕಾಪಿ ದಾರಿ ಸದ್ದಿಲ್ಲದೆ ಸತ್ತುಹೋಗುತ್ತದೆ. ಸಿ++23 ಸಿಕ್ಕರೆ ಇಫ್ ಕಾನ್ಸ್ಟ್‌ಇವ್ಯಾಲ್ ಹಾಕಿ ಈ ಗೊಡವೆಯಿಂದ ಪಾರಾಗು.

• ಮೆಮ್‌ಮೂವ್ ಇನ್ನೂ ಕಿರಿಕಿರಿ: ಎರಡು ಜಾಗಗಳು ಒಂದರ ಮೇಲೊಂದು ಬಿದ್ದಿದ್ದರೆ ಯಾವ ತುದಿಯಿಂದ ಕಾಪಿ ಶುರು ಮಾಡಬೇಕೆಂದು ಗೊತ್ತಾಗಬೇಕು. ಯಾವುದು ಮುಂದಿದೆ, ಯಾವುದು ಹಿಂದಿದೆ ಎಂದು ಸಂಬಂಧವಿಲ್ಲದ ಎರಡು ಅರೇಗಳ ಪಾಯಿಂಟರುಗಳನ್ನು ಹೋಲಿಸಿದರೆ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಸಮವೇ ಅಲ್ಲವೇ ಎಂದು ಒಂದೊಂದೇ ಜಾಗ ಕೇಳುತ್ತಾ ಹೋಗಬಹುದು. ನಿಧಾನ ನಿಜ, ಆದರೆ ಆ ಸಮಯ ಹೋಗುವುದು ಬಿಲ್ಡ್‌ನಲ್ಲಿ, ಗ್ರಾಹಕನದಲ್ಲ.

• ಅಲೊಕೇಟರಿನಿಂದ ಬಂದ ಹಸಿ ಜಾಗಕ್ಕೆ ನೇರವಾಗಿ ಮೌಲ್ಯ ಹಾಕಬೇಡ. ಮೊದಲು ಕನ್‌ಸ್ಟ್ರಕ್ಟ್_ಆ್ಯಟ್.

• ರಸ್ಟ್ ಕಡೆ ಹೋದರೆ ಕೆಲಸ ಹಗುರ: 2024ರ ನವೆಂಬರಿನ 1.83ರಿಂದ ಕಾಪಿ_ನಾನ್‌ಓವರ್‌ಲ್ಯಾಪಿಂಗ್, 1.87ರಿಂದ ಕಾಪಿ_ಫ್ರಮ್_ಸ್ಲೈಸ್, ಎರಡೂ ಕಾನ್ಸ್ಟ್‌ನಲ್ಲಿ ನಡೆಯುತ್ತವೆ. ಆದರೂ ಪಾಯಿಂಟರನ್ನು ಬೈಟು ಬೈಟಾಗಿ ಮುರಿದು ಸಾಗಿಸಬೇಡ. ಇಡಿಯಾಗಿ ಎತ್ತಿಕೊಂಡು ಹೋಗು.

• ಸಿ++ನಲ್ಲೇ ಉಳಿದರೆ ಒಂದೇ ಟೆಸ್ಟನ್ನು ಸ್ಟ್ಯಾಟಿಕ್_ಅಸರ್ಟ್‌ನಲ್ಲೂ ಓಡಿಸು, ಮಾಮೂಲಿ ಟೆಸ್ಟ್ ಆಗಿಯೂ ಓಡಿಸು. ಕಂಪೈಲ್ ಹೊತ್ತಿನಲ್ಲಿ ಅರೇ ಅಂಚು ದಾಟಿದರೆ ಕಂಪೈಲರ್ ಸಾಲಿನ ನಂಬರ್ ಸಮೇತ ಹೇಳುತ್ತದೆ, ಓಡುವಾಗ ಆ ಉಪಕಾರ ತಾನಾಗಿ ಸಿಗುವುದಿಲ್ಲ.