ಮುದಿ ನಾಯಿಯ ಜೊತೆ ಬೆಟ್ಟದಲ್ಲಿ ಒಂದು ರಾತ್ರಿ: ಹೊರಡುವ ಮೊದಲು ಇಷ್ಟು ನೋಡಿ



ಲೇಕ್ ಮಾರ್ಕೆಟ್ ಕಡೆಯ ಕನ್ನಡದ ಮನೆಯೊಂದರಿಂದ ಬಂದ ಪ್ರಶ್ನೆ: “ಡಿಸೆಂಬರ್ ರಜೆಗೆ ಪುರುಲಿಯಾದ ಅಯೋಧ್ಯಾ ಬೆಟ್ಟಕ್ಕೆ ಹೊರಟಿದ್ದೇವೆ. ಒಂದು ರಾತ್ರಿ ಅಲ್ಲೇ ಇರುತ್ತೇವೆ. ನಮ್ಮ ಲ್ಯಾಬ್ರಡಾರ್‌ಗೆ ಹತ್ತು ವರ್ಷ. ಬಿಟ್ಟು ಹೋಗಲು ಮನಸ್ಸು ಬರ್ತಿಲ್ಲ. ಕರೆದುಕೊಂಡು ಹೋಗಬಹುದಾ?”

ಹೋಗಬಹುದು, ಆದರೆ ನಾಯಿಯ ಉತ್ಸಾಹ ನೋಡಿ ತೀರ್ಮಾನ ಮಾಡಬೇಡಿ. ಬೆಲ್ಟ್ ಕೈಗೆತ್ತಿಕೊಂಡರೆ ಹದಿನಾಲ್ಕು ವರ್ಷದ ನಾಯಿಯೂ ಕುಣಿಯುತ್ತದೆ. ದೊಡ್ಡ ತಳಿಗಳಿಗೆ 7-8 ವರ್ಷಕ್ಕೇ ಮುಪ್ಪು ಶುರು. ಚಿಕ್ಕ ತಳಿಗಳಿಗೆ ಇನ್ನೂ ಸ್ವಲ್ಪ ತಡ. ನಾಯಿ ನೋವನ್ನು ಮುಚ್ಚಿಡುತ್ತದೆ, ಮನೆಯವರು ನಡೆಯುತ್ತಿರುವಷ್ಟು ಹೊತ್ತು ತಾನೂ ನಡೆಯುತ್ತದೆ. ಅಪಾಯ ಇರುವುದೇ ಅಲ್ಲಿ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಊರಲ್ಲಿದ್ದಾಗ ನಮ್ಮ ನಾಯಿಯನ್ನು ಮಲೆನಾಡಿನ ಒಂದು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆವು. ಹತ್ತುವಾಗ ಎಲ್ಲರಿಗಿಂತ ಮುಂದೆ ಅದೇ. ರಾತ್ರಿ ಚಳಿಯಲ್ಲಿ ಬರೀ ನೆಲದ ಮೇಲೆ ಮಲಗಿತು. ಬೆಳಿಗ್ಗೆ ಹಿಂಗಾಲು ಊರಲಿಕ್ಕೇ ಆಗಲಿಲ್ಲ. 27 ಕೆ.ಜಿ. ತೂಕದ ಪ್ರಾಣಿಯನ್ನು ನಾನು ಮತ್ತು ನಮ್ಮ ಭಾವ ಬೆಡ್‌ಶೀಟಿನಲ್ಲಿ ಹೊತ್ತು ಇಳಿಸಿದೆವು. ಹಾಗಾಗಿ ನನ್ನ ಮೊದಲ ಪ್ರಶ್ನೆ ಇದೇ: ನಾಯಿ ಕೂತುಬಿಟ್ಟರೆ ಹೊತ್ತು ತರಲು ನಿಮ್ಮಲ್ಲಿ ಇಬ್ಬರು ಗಟ್ಟಿಯಾಗಿದ್ದಾರಾ? ಇಲ್ಲ ಎಂದರೆ ಗಾಡಿ ಹೋಗುವ ದಾರಿ ಬಿಟ್ಟು ಒಳಗೆ ಹೋಗಬೇಡಿ.

*ಮನೆಯಲ್ಲೇ ಮಾಡುವ ಪರೀಕ್ಷೆ*

ನಾಯಿ ಗಾಢ ನಿದ್ದೆಯಲ್ಲಿದ್ದಾಗ ಹೊಟ್ಟೆ ಏರಿಳಿಯುವುದನ್ನು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಒಂದು ಏರಿಳಿತಕ್ಕೆ ಒಂದು ಉಸಿರು. ತಂಪಾದ ಕೋಣೆಯಲ್ಲಿ ನಿಮಿಷಕ್ಕೆ 30ರ ಒಳಗಿರಬೇಕು. ನಾಲ್ಕೈದು ದಿನ ಬರೆದಿಟ್ಟು ನೋಡಿ. ಮತ್ತೆ ಮತ್ತೆ 30 ದಾಟಿದರೆ, ಅಥವಾ ರಾತ್ರಿ ಹೊತ್ತು ಕೆಮ್ಮಿದರೆ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರಬಹುದು. ಬೆಟ್ಟದ ಮಾತು ಬಿಟ್ಟು ಮೊದಲು ಪಶುವೈದ್ಯರಿಗೆ ತೋರಿಸಿ.

ಆಮೇಲೆ ಕಾಲು. ಕೋಲ್ಕತ್ತಾ ಸಪಾಟು ಊರು, ಇಲ್ಲಿನ ಫ್ಲ್ಯಾಟ್ ನಾಯಿಗೆ ಏರು ಇಳಿಜಾರು ಗೊತ್ತೇ ಇಲ್ಲ. ಮಲಗಿ ಏಳುವಾಗ ತಡವರಿಸುತ್ತದೆಯೇ, ಮೆಟ್ಟಿಲು ಇಳಿಯಲು ಹಿಂಜರಿಯುತ್ತದೆಯೇ, ಹಿಂದೊಡೆ ಸೊರಗಿದೆಯೇ ನೋಡಿ. ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಸಂಧಿನೋವಿನ ನಾಯಿಗೆ ಕಷ್ಟ. ವಯಸ್ಸಾದ ಲ್ಯಾಬ್ರಡಾರ್‌ನ ಬೊಗಳುವ ದನಿ ಒಡೆದಿದ್ದರೆ, ಉಸಿರೆಳೆಯುವಾಗ ಗೊರ ಗೊರ ಸದ್ದು ಬಂದರೆ ಗಂಟಲಿನ ದೋಷ ಇರಬಹುದು. ಅಂಥ ನಾಯಿಗೆ ಏರು ದಾರಿ ಬೇಡವೇ ಬೇಡ.

ಉಸಿರು, ನಡಿಗೆ ಎರಡನ್ನೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಗೆ ಬಂದ ನಾಯಿ ಗಾಬರಿಯಲ್ಲಿ ಕುಂಟುವುದನ್ನೇ ಮರೆಯುತ್ತದೆ. ನಮಗೂ ಬಂಗಾಳಿಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ. ಬೆಲ್ಗಾಛಿಯಾದಲ್ಲಿ 1893ರಿಂದಲೂ ಪಶುವೈದ್ಯ ಕಾಲೇಜು ಇದೆ. ಈಗ ಅದು ವಿಶ್ವವಿದ್ಯಾಲಯದ ಆವರಣ.

*ಯಾವ ಬೆಟ್ಟ?*

ಸಂದಕ್‌ಫು ಬೇಡ. 3,636 ಮೀಟರ್ ಎತ್ತರ, ಚಳಿ, ತೆಳು ಗಾಳಿ. ಮೇಲಾಗಿ ಆ ದಾರಿ ಸಿಂಗಲೀಲಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಸಾಕುನಾಯಿ ಒಯ್ಯುವ ಜಾಗವಲ್ಲ. ಅಯೋಧ್ಯಾ ಬೆಟ್ಟಸಾಲು ಅದಕ್ಕಿಂತ ಬಹಳ ತಗ್ಗು. ಬೆಟ್ಟದ ಮೇಲಿನವರೆಗೂ ಡಾಂಬರು ರಸ್ತೆ ಇದೆ. ಹುಡುಗರು ಶಿಖರ ಹತ್ತಲಿ, ನಾಯಿ ಅಜ್ಜಿಯ ಜೊತೆ ಕೋಣೆಯ ಹತ್ತಿರವೇ ಅರ್ಧ ಗಂಟೆ ಅಡ್ಡಾಡಲಿ. ಹತ್ತು ವರ್ಷದ ನಾಯಿಗೆ ನಾನು ಹೇಳುವುದು ಇದನ್ನೇ. ಬೇಸಿಗೆಯಲ್ಲಿ ಪುರುಲಿಯಾ 40 ಡಿಗ್ರಿ ದಾಟುತ್ತದೆ, ಆಗ ಯೋಚನೆಯೇ ಬೇಡ.

ರೈಲಿನಲ್ಲಿ ನಾಯಿಯನ್ನು ನಿಮ್ಮ ಜೊತೆ ಇಟ್ಟುಕೊಳ್ಳಲು ಫಸ್ಟ್ ಕ್ಲಾಸಿನ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾಗಿರಬೇಕು, ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿಸಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಆ ಸದ್ದಿನಲ್ಲಿ ರಾತ್ರಿಯಿಡೀ ಒಂಟಿಯಾಗಿರುವುದು ಮುದಿ ಜೀವಕ್ಕೆ ಸಲ್ಲದು. ಕಾರು ವಾಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ರೇಬಿಸ್ ಲಸಿಕೆಯ ಪುಸ್ತಕ ಜೊತೆಗಿರಲಿ.

*ಊಟ, ಔಷಧಿ*

ನಮ್ಮ ಮನೆಯ ಬುತ್ತಿಯಲ್ಲೇ ನಾಯಿಗೆ ವಿಷವಾಗುವಂಥವು ಇರುತ್ತವೆ. ಉಪ್ಪಿಟ್ಟು, ಪಲ್ಯದ ಈರುಳ್ಳಿ ರಕ್ತಕಣ ಒಡೆಯುತ್ತದೆ. ಕೇಸರಿಬಾತ್, ಪಾಯೆಶ್‌ನ ಒಣದ್ರಾಕ್ಷಿ ಕಿಡ್ನಿಗೆ ಹೊಡೆತ. ಚಾಕೊಲೇಟ್ ಹೃದಯಕ್ಕೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಅದು ದಿನಾ ತಿನ್ನುವ ಊಟವನ್ನೇ ಒಯ್ಯಿರಿ. ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನ ಸ್ವಲ್ಪ ಕೊಟ್ಟರೆ ತೊಂದರೆಯಿಲ್ಲ. ನೀರು ಮನೆಯಿಂದಲೇ ಇರಲಿ. ನಿಂತ ನೀರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು.

ಕಾಲುನೋವೆಂದು ಕ್ರೋಸಿನ್, ಕಾಂಬಿಫ್ಲಾಮ್ ಕೊಡಬೇಡಿ. “ಅರ್ಧ ಮಾತ್ರೆ ತಾನೇ” ಎನ್ನುವ ಮಾತೇ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ನೋವಿನ ಔಷಧಿಯನ್ನು ಹೊರಡುವ ಮೊದಲೇ ಪಶುವೈದ್ಯರಿಂದ ಬರೆಸಿಕೊಳ್ಳಿ.

*ದಾರಿಯಲ್ಲಿ, ರಾತ್ರಿಯಲ್ಲಿ*

ಬೆಳಿಗ್ಗೆ ಬಿಸಿಲೇರುವ ಮೊದಲು ನಡೆಯಿರಿ, ಹದಿನೈದು ನಿಮಿಷಕ್ಕೊಮ್ಮೆ ನೆರಳಲ್ಲಿ ನಿಲ್ಲಿ. ನಿಂತು ಹತ್ತು ನಿಮಿಷವಾದರೂ ಏದುಸಿರು ಇಳಿಯದಿದ್ದರೆ ಅಲ್ಲಿಂದಲೇ ವಾಪಸ್. ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಟ ಕಂಡರೆ ಬಿಸಿಲ ಹೊಡೆತ. ಮೈಮೇಲೆಲ್ಲ ನೀರು ಸುರಿಯಿರಿ, ಮುಖ್ಯವಾಗಿ ಹೊಟ್ಟೆ, ತೊಡೆಸಂದಿಗೆ. ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆ.

ಚಳಿಗಾಲದ ರಾತ್ರಿ ಅಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ನೆಲದ ಮೇಲೆ ಚಾಪೆ, ಅದರ ಮೇಲೆ ದಪ್ಪ ಕಂಬಳಿ ಹಾಸಿ. ಕಣ್ಣು ಮಂಜಾದ ನಾಯಿ ಹೊಸ ಜಾಗದಲ್ಲಿ ರಾತ್ರಿ ಎದ್ದು ಅಲೆಯುತ್ತದೆ, ಬಾಗಿಲು ಹಾಕಿ ನಿಮ್ಮ ಕೋಣೆಯಲ್ಲೇ ಮಲಗಿಸಿ. ಆ ಕಾಡಿಗೆ ಆನೆ ಬರುವುದುಂಟು. ಬಿಟ್ಟ ನಾಯಿ ಆನೆಗೆ ಬೊಗಳಿ, ಹೆದರಿ ಓಡಿಬರುವುದು ನಿಮ್ಮ ಹತ್ತಿರಕ್ಕೇ. ಬೆಳಿಗ್ಗೆ ಎದ್ದ ಕೂಡಲೇ ಇಳಿಯಬೇಡಿ, ಹತ್ತು ನಿಮಿಷ ಸಪಾಟು ಜಾಗದಲ್ಲಿ ನಡೆಸಿ ಕಾಲು ಬಿಡಿಸಿಕೊಳ್ಳಲಿ.

ಮನೆಗೆ ಬಂದ ದಿನವೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಹುಡುಕಿ ಕೀಳಿ. ಮುಂದಿನ ಮೂರು ವಾರ ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಬೆಟ್ಟಕ್ಕೆ ಹೋಗಿಬಂದದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.