ಮರೆವಿಗೆ ಟಾನಿಕ್ ಇದೆಯೇ?

“ಸಾಹೇಬ್ರ, ಹುಡುಗನ ತಲ್ಯಾಗ ಏನೂ ನಿಲ್ಲೂದಿಲ್ರಿ. ನೆನಪಿನ ಶಕ್ತಿ ಹೆಚ್ಚಾಗೂ ಟಾನಿಕ್ ಬರ್ದ ಕೊಡ್ರಿ.”

ಪರೀಕ್ಷೆಗಳು ಹತ್ತಿರ ಬಂದಂತೆ ಹಾರೂಗೇರಿಯ ನನ್ನ ದವಾಖಾನೆಯಲ್ಲಿ ಈ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಕೆಲ ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗನೊಬ್ಬನನ್ನು ತಾಯಿ ಹೀಗೆಯೇ ಕರೆತಂದಿದ್ದರು. ಅಂಗಡಿಯಿಂದ ಎರಡು ಸಾಮಾನು ತಾ ಎಂದರೆ ಒಂದನ್ನೇ ತರುತ್ತಾನೆ, ಶಾಲೆಯಲ್ಲಿ ಹೇಳಿದ್ದು ಸಂಜೆಗೆ ಮರೆತಿರುತ್ತಾನೆ. ಮನೆಯಲ್ಲೂ ಶಾಲೆಯಲ್ಲೂ ಏಟು. ಹೊರಗೆ ರೋಗಿಗಳ ಸಾಲು ಉದ್ದವಿತ್ತು. ನಾನೂ ಒಂದು ಬಾಟಲಿ ಬರೆದು ಕಳಿಸಿದೆ.

ಅದು ನನ್ನ ತಪ್ಪು. ನೆನಪು ಎಂಬುದು ಒಂದೇ ಕೆಲಸವಲ್ಲ. ಮೊದಲು ಕಣ್ಣು, ಕಿವಿಗಳು ಸುದ್ದಿಯನ್ನು ಮೆದುಳಿಗೆ ಮುಟ್ಟಿಸಬೇಕು, ಇದು ಸಂವೇದನೆ. ಬಂದ ನೂರಾರು ಸುದ್ದಿಗಳಲ್ಲಿ ಮನಸ್ಸು ಒಂದನ್ನು ಆರಿಸಿಕೊಳ್ಳಬೇಕು, ಇದು ಅವಧಾನ. ಅದು ಏನೆಂದು ತಿಳಿಯಬೇಕು, ಇದು ಗ್ರಹಿಕೆ. ಉಳಿಯುವುದು, ಬೇಕಾದಾಗ ಹೊರಬರುವುದು ಆಮೇಲಿನ ಮಾತು. ಕಾಲುವೆಗೇ ನೀರು ಬಾರದಿದ್ದರೆ ಕಬ್ಬಿಗೆ ಗೊಬ್ಬರ ಹಾಕಿ ಏನು ಫಲ?

ಈ ವಿಷಯಗಳ ವ್ಯಾಸಂಗಕ್ಕೆಂದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ರೇಡಿಯೋ ಕೇಂದ್ರವನ್ನೂ ತೆರೆದರು. ಅವಧಾನಕ್ಕೆ ರೇಡಿಯೋದ ಹೋಲಿಕೆಯೇ ಸರಿ: ಮುಳ್ಳು ಒಂದು ಕೇಂದ್ರದ ಮೇಲೆ ನಿಂತರೆ ಉಳಿದವು ಕೇಳಿಸವು. ಟಿ.ವಿ. ನೋಡುತ್ತ ಕೀಲಿಕೈ ಎಲ್ಲೋ ಇಟ್ಟು ಹುಡುಕಾಡುವುದು ನಿಜವಾಗಿ ಮರೆವಲ್ಲ. ಆ ಸಂಗತಿ ಮನಸ್ಸಿನಲ್ಲಿ ದಾಖಲಾಗಿರುವುದೇ ಇಲ್ಲ. ಹಸಿವು, ನಿದ್ದೆಗೇಡು, ಹೆದರಿಕೆ, ಕಬ್ಬಿಣಾಂಶದ ಕೊರತೆಯ ರಕ್ತಹೀನತೆ, ಎಲ್ಲವೂ ಅವಧಾನವನ್ನು ಕೆಡಿಸುತ್ತವೆ. ಏಟು ತಿನ್ನುವ ಮಗುವಿನ ಗಮನ ಪಾಠದ ಮೇಲಲ್ಲ, ಕೋಲಿನ ಮೇಲಿರುತ್ತದೆ.

ಇನ್ನು ಮರೆಯುವುದು ಮನಸ್ಸಿನ ಸಹಜ ಗುಣ. ಜರ್ಮನಿಯ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದೇ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು! ಆದರೆ ಅರ್ಥವಾದದ್ದು ಹೆಚ್ಚು ಕಾಲ ಉಳಿಯುತ್ತದೆ. ಒಂದೇ ರಾತ್ರಿ ಐದು ತಾಸು ಓದುವುದಕ್ಕಿಂತ ಐದು ದಿನ ಒಂದೊಂದು ತಾಸು ಓದಿ, ಪುಸ್ತಕ ಮುಚ್ಚಿ ತನಗೆ ತಾನೇ ಹೇಳಿಕೊಳ್ಳುವುದು ಲೇಸು. ನಿದ್ದೆಯಲ್ಲಿ ಮೆದುಳು ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಚೆನ್ನಾಗಿ ಉಂಡು ಆಡುವ ಮಗುವಿಗೆ ಟಾನಿಕ್ಕಿನಿಂದ ನೆನಪು ಹೆಚ್ಚುವುದಿಲ್ಲ.

ಆ ಹುಡುಗ ತಿಂಗಳ ಮೇಲೆ ಮತ್ತೆ ಬಂದ. ಅಂದು ಸಮಯವಿತ್ತು. ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದೆ; ತಿರುಗಲಿಲ್ಲ. ಕೇಳಿದರೆ, ಎರಡೂ ಕಿವಿ ಚಿಕ್ಕಂದಿನಿಂದ ಸೋರುತ್ತವಂತೆ. “ಎಣ್ಣಿ ಕಾಸಿ ಬಿಡ್ತೇವ್ರಿ” ಎಂದರು ತಾಯಿ. ಎಡಗಿವಿಯ ತಮಟೆಯಲ್ಲಿ ದೊಡ್ಡ ತೂತಿತ್ತು. ಬೆಳಗಾವಿಯ ಕಿವಿ ತಜ್ಞರಲ್ಲಿಗೆ ಕಳಿಸಿದೆ. ಮಾಸ್ತರರು ಅವನನ್ನು ಮುಂದಿನ ಸಾಲಿನಲ್ಲಿ, ಬಲಗಿವಿ ತಮ್ಮ ಕಡೆಗಿರುವಂತೆ ಕೂರಿಸಿಕೊಂಡರು.

ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ನೀರು ಹೋಗಗೊಡಬೇಡಿ, ವೈದ್ಯರಿಗೆ ತೋರಿಸಿ. ನಿಮ್ಮ ಮಗು ‘ಮರೆಗುಳಿ’ಯಾಗಿದ್ದರೆ ಇಂದೇ ಹೀಗೆ ಮಾಡಿ ನೋಡಿ: ಮಗುವಿನ ಹಿಂದೆ ಒಂದು ಮೊಳ ದೂರ ನಿಂತು, ಒಂದು ಕಿವಿ ಮುಚ್ಚಿಸಿ, ಪಿಸುಮಾತಿನಲ್ಲಿ ನಾಲ್ಕು ಅಂಕಿ ಹೇಳಿ. ತಿರುಗಿ ಹೇಳಲಾರದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ.