ಕೃತಕ ಕಪ್ಪೆಯಿಂದ ಕೊರವ ಮೀನನ್ನು ಹಿಡಿಯುವ ಕ್ರಮ

ಶಿವರಾತ್ರಿ ಕಳೆದು ಬಿಸಿಲು ಏರುತ್ತಲೇ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯ ಕೆರೆ ಹೊಂಡಗಳಲ್ಲಿ ನೀರು ಇಳಿಯತೊಡಗುವುದು. ಕೊಳಗಲ್ಲಿನಂತಹ ಎರೆಭೂಮಿಯ ಗ್ರಾಮಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿದು ರೈತರಿಗೆ ಕೊಂಚ ಬಿಡುವು ದೊರೆಯುವುದೂ ಆಗಲೇ. ಕೊರವ ಅಥವಾ ಕುಚ್ಚು ಎನ್ನುವ ಮೀನನ್ನು ಗಾಳದಿಂದ ಹಿಡಿಯಲು ಇದು ತಕ್ಕ ಸಮಯವು.

ಈ ಮೀನಿಗೆ ಕಿವಿರುಗಳಿದ್ದರೂ ಹೊರಗಿನ ಗಾಳಿಯನ್ನು ಸೇವಿಸದೆ ಬದುಕಲಾರದು. ಆದುದರಿಂದ ಆಗಾಗ್ಗೆ ಮೇಲಕ್ಕೆ ಬಂದು ಮುಳುಗುವುದು. ಜೊಂಡಿನ ಅಂಚಿನಲ್ಲಿಯೂ ಅಂತರಗಂಗೆಯ ನಡುವಣ ಬಯಲಿನಲ್ಲಿಯೂ ನೀರು ಬಳೆಯಂತೆ ಅಲುಗಿದ ಸ್ಥಳವನ್ನು ಬೆಳಗಿನ ತಂಪಿನಲ್ಲಿ ಗುರುತಿಸಿಕೊಳ್ಳತಕ್ಕದ್ದು.

ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ರೂಢಿಯುಂಟು. ಇದು ಕ್ರೂರವಾದುದು, ಅಲ್ಲದೆ ಗದ್ದೆಯ ಹುಳುಗಳನ್ನು ತಿಂದು ಉಪಕರಿಸುವ ಪ್ರಾಣಿಯನ್ನು ರೈತನು ತಾನೇ ಕೊಂದಂತಾಗುವುದು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯಿಂದಲೇ ಕಪ್ಪೆಯನ್ನು ಮಾಡಿಕೊಳ್ಳಬಹುದು. 2 ಅಂಗುಲ ಉದ್ದ, 1 ಅಂಗುಲ ಅಗಲದ ತುಂಡನ್ನು ಮುಂಭಾಗ ಚೂಪಾಗುವಂತೆ ಕೆತ್ತಿ, ಹೊಟ್ಟೆಯ ಕಡೆ ಉದ್ದಕ್ಕೆ ಸೀಳಬೇಕು. ದೊಡ್ಡ ಗಾಳದ ಕಾಲಿಗೆ ಸ್ವಲ್ಪ ಸೀಸದ ತಂತಿಯನ್ನು ಸುತ್ತಿ ಆ ಸೀಳಿನೊಳಗೆ ಕೂರಿಸಿ, ಗಟ್ಟಿ ದಾರದಿಂದ ಬಿಗಿಯಬೇಕು. ಸೀಸವಿಲ್ಲದಿದ್ದರೆ ಕಪ್ಪೆಯು ಅಂಗಾತ ಬೀಳುವುದು. ಗಾಳದ ಬಾಗು ಹಿಂದಿನಿಂದ ಹೊರಬಂದು ಮೊನೆಯು ಬೆನ್ನಿನ ಮೇಲೆ ತುಸುವೇ ಎತ್ತರದಲ್ಲಿ ನಿಲ್ಲಬೇಕು. ಹಾಗಿದ್ದರೆ ಜೊಂಡಿಗೆ ಸಿಕ್ಕುವುದು ಕಡಿಮೆ. ಸೈಕಲ್ ಟ್ಯೂಬಿನ ಎರಡು ಎಳೆಗಳು ಹಿಂಗಾಲುಗಳಾಗುವುವು. ಹಗುರವಾದ ಹಾಲವಾಣದ ಕಟ್ಟಿಗೆಯಲ್ಲಿಯೂ ಮಾಡಬಹುದಾದರೂ ರಬ್ಬರೇ ಮೇಲು. ಮೀನು ಕಚ್ಚಿದೊಡನೆ ಅದು ಅದುಮಿಕೊಂಡು ಮೊನೆಗೆ ಎಡೆಗೊಡುವುದು. ಬಣ್ಣದ ವಿಷಯದಲ್ಲಿ ಹೆಚ್ಚು ಶ್ರಮ ಬೇಡ.

ಕಪ್ಪೆಯನ್ನು ಗುರುತಿಸಿದ ಸ್ಥಳದಿಂದ ಆಚೆಗೆ ಎಸೆದು, ಒಂದೊಂದು ಗೇಣು ಎಳೆದು ನಿಲ್ಲಿಸುತ್ತಾ ತರತಕ್ಕದ್ದು. ಮೀನು ಎರಗಿದಾಗ ನೀರು ಸಿಡಿಯುವುದು. ಆ ಕ್ಷಣದಲ್ಲಿ ಎಳೆಯಲಾಗದು. ಈ ಲೇಖಕನು ಮೊದಲ ದಿನ ಸಪ್ಪಳಕ್ಕೆ ಬೆಚ್ಚಿ ಎಳೆದು ಮೂರು ಮೀನುಗಳನ್ನು ಕಳೆದುಕೊಂಡನು. ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ, ದಾರ ಬಿಗಿಯಾದ ಮೇಲೆ ಜಗ್ಗಬೇಕು.

ಇನ್ನು ಮುಖ್ಯವಾದ ವಿಷಯ. ಕೊರವವು ವಿಶೇಷವಾಗಿ ಮಳೆಗಾಲದಲ್ಲಿ, ಕೆಲವೆಡೆ ಅದಕ್ಕೆ ಮುಂಚೆಯೂ ಮರಿಮಾಡುವುದು. ಕೆಂಪು ಮರಿಗಳು ನೀರಿನ ಮೇಲ್ಭಾಗದಲ್ಲಿ ಒತ್ತಾಗಿ ಗುಂಪುಗೂಡಿರುವಾಗ ತಾಯಿತಂದೆಗಳು ಕೆಳಗೆ ಕಾವಲಿದ್ದು, ಹತ್ತಿರ ಬಂದುದೆಲ್ಲದರ ಮೇಲೂ ಎರಗುವುವು. ಅದು ಹಸಿವಿನಿಂದಲ್ಲ. ಆಗ ಹಿಡಿಯುವುದು ಅತಿ ಸುಲಭ. ಆದರೆ ಕಾವಲು ತಪ್ಪಿದ ಮರಿಗಳು ಇತರ ಮೀನು, ಹಕ್ಕಿಗಳ ಪಾಲಾಗುವುವು. ಅಮೆರಿಕದ ಬ್ಯಾಸ್ ಎಂಬ ಮೀನಿನ ಗಂಡೂ ಹೀಗೆಯೇ ಗೂಡು ಕಾಯುವುದು.

ಬೇಸಿಗೆಯಲ್ಲಿ ಉಳಿದ ಗುಂಡಿಯ ಮೀನುಗಳೇ ಮುಂದಿನ ವರ್ಷದ ಬೀಜವು. ಗ್ರಾಮದ ಮುಖಂಡರು ಅಂತಹ ಒಂದು ಗುಂಡಿಯನ್ನಾದರೂ ಬರಿದು ಮಾಡಲು ಬಿಡಬಾರದು. ಒಂದು ಅಡಿಗೆ ಕಡಿಮೆಯಾದ ಮೀನನ್ನು ಕೈ ಒದ್ದೆ ಮಾಡಿಕೊಂಡು ಹಿಡಿದು ಮರಳಿ ಬಿಡತಕ್ಕದ್ದು. ಕೆರೆಯ ಮೀನು ಹರಾಜಾಗಿದ್ದಲ್ಲಿ ಗುತ್ತಿಗೆದಾರರ ಒಪ್ಪಿಗೆಯನ್ನು ಮೊದಲು ಪಡೆಯಬೇಕು.